ದೊಡ್ಡಮರದ ಸುತ್ತ ಗುಡಿಸಿದ ದಾರಿ

ಬೆಳಕು ಇನ್ನೂ ಬಂಗಲೆಯ ಹಿಂದೆಯೇ ಇದೆ. ಮುಂಬಾಗಿಲ ಎತ್ತರದ ಕಂಬಗಳು ಬೂದು ಬಣ್ಣದಲ್ಲಿ ನಿಂತಿವೆ, ಮೇಲ್ಮಹಡಿಯ ಉದ್ದನೆಯ ಕಿಟಕಿಗಳನ್ನು ಇನ್ನೂ ಯಾರೂ ತೆರೆದಿಲ್ಲ. ಕೆಲಸದವರು ಬರುವ ಪಕ್ಕದ ಸಣ್ಣ ಗೇಟಿನಿಂದ ಒಳಗೆ ಬಂದ ಅಕ್ಕ, ಹೆಗಲ ಮೇಲಿದ್ದ ಉದ್ದ ಹಿಡಿಯ ಪೊರಕೆಯನ್ನು ಕೆಳಗಿಳಿಸಿ ಸುಮ್ಮನೆ ನಿಂತುಬಿಡುತ್ತಾರೆ. ನಿನ್ನೆ ಸಂಜೆ ಎದ್ದ ಗಾಳಿ ಅವರ ಕೆಲಸವನ್ನೆಲ್ಲ ಅಳಿಸಿ ಹಾಕಿದೆ. ಬಂಗಲೆಯ ಮುಂದಿನ ಅಷ್ಟಗಲ ಬಯಲಿನಲ್ಲಿ ಒಣಗಿದ ಎಲೆಗಳು ಒಂದೇ ಸಮನೆ ಹರಡಿಕೊಂಡಿವೆ. ದಾರಿ ಯಾವುದು, ಮರದ ಬುಡ ಯಾವುದು ಎಂದು ಹೇಳುವ ಹಾಗಿಲ್ಲ.

"ಇವತ್ತೇ ಬರ್ಬೇಕಿತ್ತಾ ನೀನು," ಎನ್ನುತ್ತಾರೆ. ನನಗಲ್ಲ, ಗಾಳಿಗೆ. ಆಮೇಲೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನನ್ನ ಕಡೆ ತಿರುಗಿ, "ಪರವಾಗಿಲ್ಲ ಬಿಡಿ. ಅವ್ರು ಬರೋದು ಹತ್ತು ಗಂಟೆ ಮೇಲೆ. ಅಷ್ಟ್ರಲ್ಲಿ ಆಗುತ್ತೆ. ನೀವು ಮಾತ್ರ ಎಲೆ ಮೇಲೆ ನಿಂತ್ಕೋಬೇಡಿ," ಎನ್ನುತ್ತಾರೆ. ನಾನು ನಿಂತಿರುವುದು ಎಲೆಗಳ ಮೇಲೆಯೇ. ಗಡಿಬಿಡಿಯಿಂದ ಪಕ್ಕಕ್ಕೆ ಸರಿಯುತ್ತೇನೆ, ಅಲ್ಲಿಯೂ ಎಲೆಗಳಿವೆ.

'ಅವ್ರು' ಎಂದರೆ ಬಂಗಲೆಯನ್ನೂ ಸುತ್ತಲಿನ ಉದ್ಯಾನವನ್ನೂ ನೋಡಿಕೊಳ್ಳುವ ಸಮಿತಿಯವರು. ಗೇಟಿನಿಂದ ಬಂಗಲೆಯ ಮೆಟ್ಟಿಲಿಗೆ ಹೋಗುವ ಹಾದಿಯಲ್ಲಿ, ಸರಿಯಾಗಿ ನಡುಮಧ್ಯೆ, ಬಂಗಲೆಗಿಂತ ಹಳೆಯದಾದ ಒಂದು ಮರವಿದೆ. ಅದರ ನಿಜವಾದ ಹೆಸರು ಫಲಕದ ಮೇಲೆ ಎರಡು ಸಾಲು ಉದ್ದವಾಗಿ ಬರೆದಿದೆ, ಆದ್ದರಿಂದ ಯಾರೂ ಅದನ್ನು ಹೇಳುವುದಿಲ್ಲ. ಎಲ್ಲರಿಗೂ ಅದು ದೊಡ್ಡಮರ. ನಗರದ ಅರ್ಧದಷ್ಟು ಮದುವೆ ಆಲ್ಬಮ್ಮುಗಳಲ್ಲಿ ಅದರ ಕೊಂಬೆ ಇದ್ದೇ ಇರುತ್ತದೆ. ಹೋದ ವರ್ಷ ಅದು ಒಂದು ಕಡೆಯಿಂದ ಒಣಗತೊಡಗಿತು. ಜನ ಓಡಾಡುವ ಜಾಗದಲ್ಲಿ ಒಣಮರ ಇರಬಾರದು, ಕಡಿಸಿಬಿಡೋಣ ಎಂದು ಸಮಿತಿ ಹೊರಟಿತ್ತು. ಒಂದು ವರ್ಷ ಗಡುವು ಕೊಡಿ ಎಂದು ಉದ್ಯಾನದ ಮೇಲ್ವಿಚಾರಕಿ ಕೇಳಿಕೊಂಡರು. ಆ ಗಡುವು ಇಂದಿಗೆ ಮುಗಿಯುತ್ತದೆ. ಮರ ಉಳಿಯುತ್ತದೋ ಹೋಗುತ್ತದೋ ಎಂಬುದು ಮಧ್ಯಾಹ್ನದ ಊಟದೊಳಗೆ ತೀರ್ಮಾನವಾಗಲಿದೆ.

ಅಕ್ಕ ಈ ಉದ್ಯಾನದ ಗುಡಿಸುವಾಕೆ. ಕಾವಲುಗಾರರಿಂದ ಹಿಡಿದು ಟಿಕೆಟ್ ಕೊಡುವವರವರೆಗೆ ಎಲ್ಲರೂ ಅವರನ್ನು ಕರೆಯುವುದು ಅಕ್ಕ ಎಂದೇ, ನಾನೂ ಹಾಗೇ ಕರೆಯುತ್ತೇನೆ. ಐವತ್ತು ದಾಟಿದ, ಕಡ್ಡಿಯಂಥ ಮೈಕಟ್ಟಿನ ಹೆಂಗಸು. ಇಲಾಖೆ ಕೊಟ್ಟ ಬೂಟುಗಳು ಗಂಡಸರ ಅಳತೆಯವು, ಆದ್ದರಿಂದ ತುದಿಗೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಾರೆ. ಜೇಬಿನಲ್ಲಿ ಕಾಗದ ಸುತ್ತಿದ ಒಂದು ಬನ್ನು ಇನ್ನೂ ಬೆಚ್ಚಗಿದೆ. ಗಂಡ ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಆತ ಮನೆಗೆ ಹೋಗುವ ಹೊತ್ತು, ಈಕೆ ಕೆಲಸಕ್ಕೆ ಹೊರಡುವ ಹೊತ್ತು ಒಂದೇ. ಬಸ್ ನಿಲ್ದಾಣದಲ್ಲಿ ಇಬ್ಬರೂ ಎದುರಾದಾಗ ಬನ್ನು ಕೈಬದಲಾಗುತ್ತದೆ. "ನಮ್ಮ ಸಂಸಾರ ನಡೆಯೋದು ಬಸ್ ಸ್ಟಾಪಲ್ಲೇ. ಜಗಳ ಆಡೋಕೂ ಟೈಮಿಲ್ಲ, ಅದಕ್ಕೇ ಚೆನ್ನಾಗಿದೀವಿ," ಎಂದು ನಗುತ್ತಾರೆ.

ಮೊದಲು ಎಲೆಗಳ ಕೆಲಸ. ಹುಲ್ಲಿನ ಮೇಲೆ ಚದುರಿದ್ದನ್ನೆಲ್ಲ ಹಗುರವಾಗಿ ಎಳೆದು ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, ಅದನ್ನು ದರದರ ಎಳೆದುಕೊಂಡು ಹೋಗಿ ದೊಡ್ಡಮರದ ಬುಡದ ಸುತ್ತ ಸುರಿಯುತ್ತಾರೆ. ಕೈಯಿಂದ ಹರಡುತ್ತಾರೆ. ಹೌದು, ಸರಿಯಾಗಿಯೇ ಓದಿದಿರಿ. ಗುಡಿಸುವಾಕೆ ಕಸವನ್ನು ಎತ್ತಿಕೊಂಡು ಹೋಗಿ ಮರದ ಕೆಳಗೆ ಸುರಿಯುತ್ತಿದ್ದಾರೆ. ಮರದ ನೆರಳು ಬೀಳುವಷ್ಟು ಜಾಗದಲ್ಲಿ ಕಣಕಾಲು ಮುಳುಗುವ ತನಕ ಎಲೆ ತುಂಬುತ್ತದೆ. ಆಮೇಲೆ ಆ ಎಲೆಗಳ ಹಾಸಿಗೆಯನ್ನು ಬಳಸಿಕೊಂಡು ಹೋಗುವಂತೆ ಪೊರಕೆಯಿಂದ ಒಂದು ದಾರಿ ಎಳೆಯಲು ಶುರುಮಾಡುತ್ತಾರೆ. ಎರಡು ಜೋಡಿ ಜನ ಎದುರುಬದುರಾಗಿ ಆರಾಮಾಗಿ ದಾಟಿಹೋಗುವಷ್ಟು ಅಗಲ. ಆ ದಾರಿಯಲ್ಲಿ ಮಾತ್ರ ಒಂದು ಕಡ್ಡಿಯೂ ಉಳಿಯುವುದಿಲ್ಲ.

ನಾನೂ ಕೈಹಾಕಲೇ ಎಂದು ಕೇಳಿದೆ. ಪೊರಕೆ ಕೊಡಲಿಲ್ಲ, ಬೇರೆ ಕೆಲಸ ಕೊಟ್ಟರು.

"ಗೇಟ್ ಹತ್ರ ಹೋಗಿ. ಅಲ್ಲಿಂದ ಬಂಗಲೆ ನೋಡ್ಕೊಂಡು ನಡೆದು ಬನ್ನಿ. ಸುಮ್ನೆ ಬನ್ನಿ, ಏನೂ ಯೋಚ್ನೆ ಮಾಡ್ಬೇಡಿ."

ಯೋಚನೆ ಮಾಡಬೇಡಿ ಎಂದರೆ ಯೋಚನೆ ಬಿಟ್ಟು ಬೇರೇನಾದರೂ ಬರುತ್ತದೆಯೇ? ಗೇಟಿನಿಂದ ಹೊರಟವನು ದಾರಿ ಎಲ್ಲಿ ತಿರುಗುತ್ತದೆ ಎಂದು ನೆಲವನ್ನೇ ನೋಡುತ್ತ ಬಂದೆ. "ನೀವು ಯೋಚ್ನೆ ಮಾಡಿದ್ರಿ. ಮತ್ತೆ ಬನ್ನಿ," ಎಂದರು. ಎರಡನೇ ಸಲ ಬಂಗಲೆಯ ಕಂಬಗಳನ್ನು ಎಣಿಸುತ್ತ ಬಂದೆ, ಮೆಟ್ಟಿಲ ಬಳಿ ಬಂದಾಗ ಬೂಟಿನ ತುಂಬ ಎಲೆ. ಅಕ್ಕ ಬೈಯಲಿಲ್ಲ. ನಾನು ದಾರಿ ಬಿಟ್ಟ ಜಾಗಕ್ಕೆ ಹೋಗಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ತಿರುವನ್ನು ಹತ್ತು ಹೆಜ್ಜೆ ಹಿಂದಕ್ಕೆ ತಂದು, ದೀಪದ ಕಂಬದ ಹತ್ತಿರದಿಂದಲೇ ಅದು ಸ್ವಲ್ಪ ಸ್ವಲ್ಪವಾಗಿ ಬಾಗುವಂತೆ ಮತ್ತೆ ಗುಡಿಸಿದರು. ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿದ್ದ ಎಲೆಗಳನ್ನು ಪೊರಕೆಯ ತುದಿಯಿಂದ ಕೆದರಿದರು.

"ಅಂಚು ನೀಟಾಗಿದ್ರೆ ಜನಕ್ಕೆ ಗೊತ್ತಾಗ್ಬಿಡುತ್ತೆ, ಯಾರೋ ನಮ್ಗೆ ಹೀಗೇ ಹೋಗಿ ಅಂತಿದಾರೆ ಅಂತ. ಗೊತ್ತಾದ ತಕ್ಷಣ ದಾಟ್ತಾರೆ. ಗೊತ್ತಾಗ್ಬಾರ್ದು. ತಾವೇ ಬಂದ್ವಿ ಅನ್ಕೋಬೇಕು."

ಮೂರನೇ ಸಲ ಗೇಟಿನಿಂದ ಹೊರಡುವಾಗ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂಬ ಚಿಂತೆ ಹತ್ತಿತು. ಮೆಟ್ಟಿಲು ಮುಟ್ಟಿದಾಗ ತಿರುಗಿ ನೋಡಿದೆ. ಮರವನ್ನು ಸುತ್ತಿ ಬಂದಿದ್ದೆ, ಬೂಟು ಸ್ವಚ್ಛವಾಗಿತ್ತು. ಅಕ್ಕ ಬನ್ನು ಬಿಚ್ಚಿ ಅರ್ಧ ನನಗೆ ಕೊಟ್ಟರು.

ಈ ಉದ್ಯಾನಕ್ಕೆ ನಾನು ಹತ್ತಾರು ಸಲ ಬಂದಿದ್ದೇನೆ. ನಗರದಲ್ಲಿ ಬಸ್ ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಇಲ್ಲಿರಬಹುದು. ಕೊಳ, ಅದರ ದಡದ ಬಾತುಗಳು, ಹಿಂದಿನ ಕಾಡು, ಈಗ ಕಾಫಿ ಅಂಗಡಿಯಾಗಿರುವ ಹಳೆಯ ಕುದುರೆ ಲಾಯ, ಎಲ್ಲವೂ ಪರಿಚಿತ. ಬಂಗಲೆಯ ಒಳಗೆ ಯಾರೂ ಊಟಕ್ಕೆ ಕೂರದ ಉದ್ದ ಮೇಜಿದೆ, ಹಗ್ಗ ಕಟ್ಟಿದ ಕುರ್ಚಿಗಳಿವೆ, ಟಿಕೆಟ್ ಇಲ್ಲದೆ ಬಂದಿರೇನೋ ಎಂಬಂತೆ ನಮ್ಮನ್ನು ದುರುಗುಟ್ಟಿ ನೋಡುವ ಹಿರಿಯರ ಚಿತ್ರಗಳಿವೆ. ಈಚಿನ ತಿಂಗಳುಗಳಲ್ಲಿ ಬಂದಾಗಲೂ ನನ್ನಿಷ್ಟದಂತೆ ಅಡ್ಡಾಡಿದೆ ಎಂದೇ ನಂಬಿದ್ದೆ. ನಾನು ಅಡ್ಡಾಡಿದ್ದು ಅಕ್ಕನ ಇಷ್ಟದಂತೆ ಎಂದು ತಿಳಿದಾಗ ಮೊದಲು ಸ್ವಲ್ಪ ಮುಜುಗರವಾಯಿತು, ಆಮೇಲೆ ನಗು ಬಂತು.

ಈ ಕೆಲಸ ಅಕ್ಕನಿಗೆ ಬಂದದ್ದು ಅತ್ತೆಯಿಂದ. ಅತ್ತೆ ಇದೇ ಬಯಲನ್ನು ಜೀವಮಾನವೆಲ್ಲ ಗುಡಿಸಿ ನಿವೃತ್ತರಾದವರು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯನ್ನು ಜೊತೆಗೆ ಕರೆತಂದು, ಪೊರಕೆ ಹಿಡಿಯುವುದನ್ನು ಕಲಿಸಿದರು. ಸೊಂಟದಿಂದ ಬಗ್ಗಬಾರದು, ಮಂಡಿಯಿಂದ ಬಗ್ಗಬೇಕು. ಇಬ್ಬನಿ ಇರುವಾಗ ಧೂಳು ಏಳುವುದಿಲ್ಲ, ಆದ್ದರಿಂದ ಬೆಳಗಾಗುವ ಮೊದಲೇ ಶುರುಮಾಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡಮರದ ಕೆಳಗೆ ಒಂದು ಎಲೆ ಕಾಣಬಾರದು.

"ಎಲ್ಲಿ ಬಿಟ್ರೂ ಮರದ ಕೆಳಗೆ ಬಿಡೋ ಹಾಗಿರ್ಲಿಲ್ಲ. ನಾನು ಗುಡಿಸಿದ್ಮೇಲೆ ಅತ್ತೆ ಬಂದು ಬರಿಗಾಲಲ್ಲಿ ನಡೆದು ನೋಡೋರು. ಒಂದು ಕಡ್ಡಿ ಚುಚ್ಚಿದ್ರೆ ಮತ್ತೆ ಮೊದ್ಲಿಂದ. ನೆಲ ನುಣ್ಣಗೆ, ಮನೆ ಒಳಗಿನ ನೆಲ ಇದ್ದ ಹಾಗಿರೋದು. ನೋಡೋಕೆ ಬಂದವ್ರು ಅಲ್ಲೇ ಟವೆಲ್ ಹಾಸದೆ ಮಲಗೋರು. ನಮ್ಗೆ ಅದೇ ದೊಡ್ಡ ಹೆಮ್ಮೆ."

ಆ ಹೆಮ್ಮೆಯೇ ಮರಕ್ಕೆ ಮುಳುವಾಗಿತ್ತು. ಹೋದ ವರ್ಷ ಬಂದ ಮೇಲ್ವಿಚಾರಕಿ ಮರದ ಬುಡದಲ್ಲಿ ಒಂದು ಕಬ್ಬಿಣದ ಸರಳನ್ನು ಊರಲು ನೋಡಿದರು. ಸರಳು ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಉದುರಿದ ಎಲೆ ಅಲ್ಲೇ ಕೊಳೆತು ಮಣ್ಣಾಗಬೇಕಿತ್ತು. ಅದನ್ನು ಎರಡು ತಲೆಮಾರು ದಿನಾ ಗುಡಿಸಿ ಒಯ್ದಿತ್ತು. ಬರಿದಾದ ನೆಲವನ್ನು ಸಾವಿರಾರು ಜನ ತುಳಿದು ಕಲ್ಲು ಮಾಡಿದ್ದರು. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮೇಲ್ವಿಚಾರಕಿ ಇದನ್ನೆಲ್ಲ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಮಾಧಾನವಾಗಿ ವಿವರಿಸಿದರು. ನಾಳೆಯಿಂದ ಮರದ ಕೆಳಗೆ ಗುಡಿಸಬೇಡಿ ಎಂದರು.

"ಅವ್ರು ನನ್ನ ತಪ್ಪು ಅಂತ ಒಂದ್ಮಾತೂ ಅನ್ಲಿಲ್ಲ. ಆದ್ರೂ ನಂಗೆ ಕೈಕಾಲೇ ಆಡ್ಲಿಲ್ಲ," ಎನ್ನುತ್ತಾರೆ ಅಕ್ಕ. "ಅನ್ನ ಕೊಟ್ಟ ಮರ ಅದು. ಅದಕ್ಕೆ ನಾವೇ ಹೀಗ್ ಮಾಡಿದ್ವಲ್ಲ ಅಂತ. ಬಸ್ಸಲ್ಲಿ ಕೂತು ಅತ್ತಿದೀನಿ. ಕಂಡಕ್ಟರ್ ಟಿಕೆಟ್ ಕೇಳೋಕೇ ಹೆದರಿದ್ರು."

ಗುಡಿಸದೆ ಇರುವುದು ಗುಡಿಸುವುದಕ್ಕಿಂತ ಕಷ್ಟದ ಕೆಲಸ ಎಂದು ತಿಳಿಯಲು ಅವರಿಗೆ ಒಂದು ವಾರ ಸಾಕಾಯಿತು. ಎಲೆ ಕಂಡರೆ ಕೈ ತುರಿಸುತ್ತಿತ್ತು. ಪೊರಕೆಯನ್ನು ಶೆಡ್ಡಿನಲ್ಲೇ ಬಿಟ್ಟು ಮರದ ಹತ್ತಿರ ಹೋಗುತ್ತಿದ್ದರಂತೆ, ಮರೆತು ಗುಡಿಸಿಬಿಟ್ಟೇನು ಎಂದು. ಅದಕ್ಕಿಂತ ಹೆಚ್ಚಾಗಿ ಜನರ ಮಾತು ಚುಚ್ಚಿತು. ಎಲೆಯ ರಾಶಿ ನೋಡಿ ಬಂದವರೆಲ್ಲ ಮೂಗು ಮುರಿದರು. ಗುಡಿಸುವವಳು ಸೋಮಾರಿಯಾಗಿದ್ದಾಳೆ, ಹೇಳುವವರು ಕೇಳುವವರು ಇಲ್ಲ ಎಂದು ಟಿಕೆಟ್ ಕಿಟಕಿಯಲ್ಲಿ ದೂರಿದರು. ಮೈಗಳ್ಳತನ ಎಂಬ ಮಾತನ್ನು ಅಕ್ಕ ಜೀವನದಲ್ಲಿ ಮೊದಲ ಸಲ ಕೇಳಿಸಿಕೊಂಡದ್ದು ಆಗಲೇ.

ಅಷ್ಟಾದರೂ ಮರಕ್ಕೆ ಲಾಭವೇನೂ ಆಗಲಿಲ್ಲ. ಜನ ಎಲೆ ತುಳಿದುಕೊಂಡೇ, ಗೇಟಿನಿಂದ ಮೆಟ್ಟಿಲಿಗೆ ನೇರವಾಗಿ ನಡೆದರು. ಮರದ ಕೆಳಗೆ ನಡೆಯಬೇಡಿ ಎಂದು ಫಲಕ ಹಾಕಿದರೆ, ಫಲಕಕ್ಕೆ ಒರಗಿ ಫೋಟೋ ತೆಗೆಸಿಕೊಂಡರು. ಹಗ್ಗ ಕಟ್ಟಿದರೆ ಅದರ ಮೇಲೆ ಕೋಟು ಒಣಹಾಕಿದರು. ಬೇಲಿ ಹಾಕೋಣವೆಂದರೆ ಬೇಲಿಗೆ ಗುಂಡಿ ತೋಡಬೇಕು, ತೋಡಿದರೆ ಬೇರಿಗೆ ಪೆಟ್ಟು. ಮೇಲಾಗಿ ಬಂಗಲೆಯ ಮುಂದೆ ಬೇಲಿ ನಿಂತರೆ ನೋಟ ಕೆಡುತ್ತದೆ ಎಂದು ಸಮಿತಿಯಲ್ಲೇ ಅರ್ಧ ಜನ ತಕರಾರು ತೆಗೆದರು. ಹೀಗೆ ಗಡುವಿನ ಮೊದಲ ಎರಡು ತಿಂಗಳು ಮಾತಿನಲ್ಲೇ ಕಳೆದುಹೋಯಿತು.

ದಾರಿ ಹುಟ್ಟಿದ್ದು ಅಕ್ಕನ ಸಿಟ್ಟಿನಿಂದ. ಒಂದು ಶನಿವಾರ ಯಾರೋ ದಂಪತಿ, ಅಕ್ಕನಿಗೆ ಕೇಳಿಸುವ ಹಾಗೆಯೇ, "ಸಂಬಳ ತಗೊಂಡು ನಿದ್ದೆ ಮಾಡ್ತಾರೆ," ಎಂದು ಆಡಿಕೊಂಡು ಹೋದರು.

"ರಾತ್ರಿಯೆಲ್ಲ ಅದೇ ಮಾತು ಕೊರೀತಿತ್ತು. ಬೆಳಿಗ್ಗೆ ಎದ್ದವಳೇ ಅನ್ಕೊಂಡೆ, ಮರದ ಕೆಳಗೆ ತಾನೆ ಗುಡಿಸ್ಬಾರ್ದು, ಪಕ್ಕದಲ್ಲಿ ಗುಡಿಸ್ಬೋದಲ್ಲ. ನಾನು ಹೇಗೆ ಗುಡಿಸ್ತೀನಿ ಅಂತ ಇವ್ರಿಗೆ ತೋರಿಸ್ತೀನಿ. ಹಟಕ್ಕೆ ಬಿದ್ದು, ಮರದ ಸುತ್ತ ಒಂದು ಸುತ್ತು ಗುಡಿಸ್ದೆ. ಅತ್ತೆ ಬರಿಗಾಲಲ್ಲಿ ನಡೆದ್ರೂ ಕಡ್ಡಿ ಸಿಗ್ಬಾರ್ದು, ಹಾಗೆ. ಜನ ಬಂದ್ರು. ಎಲ್ರೂ ಅದ್ರ ಮೇಲೇ ನಡೆದ್ರು. ನಾನು ನೋಡ್ತಾ ನಿಂತೆ. ಒಬ್ರೂ ಎಲೆ ತುಳೀಲಿಲ್ಲ."

ಮೇಲ್ಮಹಡಿಯ ಕಚೇರಿಯ ಕಿಟಕಿಯಿಂದ ಮೇಲ್ವಿಚಾರಕಿಯೂ ಅದನ್ನೇ ನೋಡುತ್ತಿದ್ದರು. ಆಳು ಕಳಿಸಿ ಅಕ್ಕನನ್ನು ಮೇಲಕ್ಕೆ ಕರೆಸಿದರು. ಇಷ್ಟು ವರ್ಷ ಬಂಗಲೆಯ ಮೆಟ್ಟಿಲು ಗುಡಿಸಿದ ಅಕ್ಕ, ಮೆಟ್ಟಿಲು ಹತ್ತಿ ಮಹಡಿಗೆ ಹೋದದ್ದು ಅದೇ ಮೊದಲು. ಬೈಯಲು ಕರೆದಿದ್ದಾರೆ ಎಂದುಕೊಂಡು, ಬೂಟು ಹೊರಗೆ ಬಿಟ್ಟು, ಕಾಲ್ಚೀಲದಲ್ಲೇ ಒಳಗೆ ಹೋದರು. ಮೇಲ್ವಿಚಾರಕಿ ಅವರ ಭುಜ ಹಿಡಿದು ಕಿಟಕಿಯ ಮುಂದೆ ನಿಲ್ಲಿಸಿದರು. ಕೆಳಗೆ ಭಾನುವಾರದ ಜನ ಗೇಟಿನಿಂದ ಒಳಗೆ ಬರುತ್ತಿದ್ದರು. ಬಂದವರೆಲ್ಲ ದೊಡ್ಡಮರದ ಹತ್ತಿರ ಬಾಗಿ, ಬಳಸಿ, ಮತ್ತೆ ಮೆಟ್ಟಿಲ ಕಡೆಗೆ ತಿರುಗುತ್ತಿದ್ದರು.

"ಮೇಲಿಂದ ನನ್ನ ಕೆಲಸ ನಾನೇ ನೋಡಿರ್ಲಿಲ್ಲ. ಕಣ್ತುಂಬ ನೋಡ್ದೆ," ಎನ್ನುತ್ತಾರೆ ಅಕ್ಕ.

ಅಲ್ಲಿಂದಾಚೆಗೆ ಇಬ್ಬರೂ ಸೇರಿ ಅದನ್ನೊಂದು ವಿದ್ಯೆಯನ್ನಾಗಿ ಮಾಡಿಕೊಂಡರು. ಬೇರು ಎಲ್ಲಿಯವರೆಗೆ ಹರಡಿದೆ ಎಂದು ಮೇಲ್ವಿಚಾರಕಿ ಅಳೆದು ಹೇಳಿದರು, ಅಕ್ಕ ಅದರಾಚೆಗೆ ದಾರಿ ತಂದರು. ತಿರುವು ಕೆಟ್ಟ ದಿನ ಕಿಟಕಿಯಿಂದ ಕೈಬೀಸಿ ತೋರಿಸುವುದು ಒಬ್ಬರು, ಪೊರಕೆಯಿಂದ ಸರಿಪಡಿಸುವುದು ಇನ್ನೊಬ್ಬರು. ಮಕ್ಕಳು ಮಾತ್ರ ಯಾವ ತಿರುವಿಗೂ ಬಗ್ಗಲಿಲ್ಲ. ಎಲೆಯ ರಾಶಿ ಕಂಡರೆ ಹಾರಿ ಬೀಳುವುದು ಅವರ ಜಾಯಮಾನ. ಅಕ್ಕ ಕೊಳದ ಹತ್ತಿರ ಇನ್ನೂ ಎತ್ತರದ ಒಂದು ಗುಡ್ಡೆ ಹಾಕಿದರು, ಮಕ್ಕಳೆಲ್ಲ ಅಲ್ಲಿಗೆ ಓಡಿದರು. "ಅವ್ರ ಪಾಲು ಅವ್ರಿಗೆ ಕೊಟ್ರೆ ಮರದ ತಂಟೆಗೆ ಬರಲ್ಲ. ದೊಡ್ಡೋರ ಹಾಗಲ್ಲ ಮಕ್ಕಳು," ಎನ್ನುತ್ತಾರೆ.

ಗಾಳಿ ಬೀಸಿದರೆ ಮಧ್ಯಾಹ್ನ ಮತ್ತೆ ಗುಡಿಸಬೇಕು. ಮಳೆ ಬಂದರೆ ಒದ್ದೆ ಎಲೆ ನೆಲಕ್ಕೆ ಅಂಟುತ್ತದೆ, ಒಂದೊಂದನ್ನೂ ಕೆರೆದು ತೆಗೆಯಬೇಕು. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ರಜೆಯ ದಿನ ಹತ್ತು ಸಾವಿರ ಜನ ಬರುತ್ತಾರೆ, ಅವರಲ್ಲಿ ಒಬ್ಬರಿಗೂ ತಾವು ಸುತ್ತಿ ಬಂದದ್ದು ಗೊತ್ತಿಲ್ಲ. ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು.

"ಗೊತ್ತಾದ್ರೆ ಕೆಲಸ ಕೆಟ್ಟಿದೆ ಅಂತ. ಗೊತ್ತಾಗದೆ ಇದ್ರೇನೇ ನಂಗೆ ಖುಷಿ."

ಒಂದು ವಿಷಯ ಮಾತ್ರ ಅವರನ್ನು ಕಾಡುತ್ತದೆ. ಎರಡು ತಲೆಮಾರಿನ ಗುಡಿಸುವಿಕೆಯೇ ಮರವನ್ನು ಒಣಗಿಸಿತು ಎಂಬುದನ್ನು ಅತ್ತೆಗೆ ಹೇಳಿಲ್ಲ. ಮರಕ್ಕೆ ಕಾಯಿಲೆ ಎಂದಷ್ಟೇ ಹೇಳಿದ್ದಾರೆ. ವಯಸ್ಸಾಗಿ ಮನೆಯಲ್ಲೇ ಇರುವ ಅತ್ತೆ ದಿನಾ ಸಂಜೆ ಕೇಳುವುದು ಎರಡೇ ಪ್ರಶ್ನೆ. ಮರ ಹೇಗಿದೆ? ಕೆಳಗೆ ಗುಡಿಸಿದೆಯಾ? ಅಕ್ಕ ದಿನಾ ಹೂಂ ಎನ್ನುತ್ತಾರೆ.

"ಅವ್ರ ಜೀವ ಪೂರ್ತಿ ಅಲ್ಲೇ ಸವೆಸಿದಾರೆ. ಈಗ ಹೋಗಿ ನಿಮ್ಮ ಕೈಯಿಂದಲೇ ಹೀಗಾಯ್ತು ಅನ್ಲಾ? ನಂಗಾಗಲ್ಲ."

ಇದೆಲ್ಲ ಪತ್ರಿಕೆಯಲ್ಲಿ ಬರುತ್ತದಲ್ಲ ಎಂದೆ. ಅಕ್ಕ ಪೊರಕೆಯ ಹಿಡಿಗೆ ಗಲ್ಲ ಆನಿಸಿದರು. "ಬರೀರಿ. ಅವ್ರಿಗೆ ಓದೋಕೆ ಬರಲ್ಲ, ಭಾನುವಾರ ಪೇಪರ್ ಓದಿ ಹೇಳೋಳು ನಾನೇ. ಆ ಜಾಗ ಬಂದಾಗ ಹಾರಿಸಿ ಓದ್ತೀನಿ."

ಹತ್ತು ಗಂಟೆಗೆ ಸಮಿತಿಯವರು ಬರುತ್ತಾರೆ. ಐದು ಜನ. ಮುಂದೆ ಮಿರಿಮಿರಿ ಮಿಂಚುವ ಕಪ್ಪು ಬೂಟಿನ ಅಧ್ಯಕ್ಷರು, ಅವರ ಪಕ್ಕದಲ್ಲಿ ಬೇಲಿಯ ನಕ್ಷೆ ಹಿಡಿದ ಎಂಜಿನಿಯರು, ಹಿಂದೆ ಚೀಲ ಹೊತ್ತ ಮರದ ಡಾಕ್ಟರು, ಉಳಿದಿಬ್ಬರು ಅವರ ಹಿಂದೆ. ಗೇಟಿನಿಂದಲೇ ಮಾತು ಜೋರಾಗಿದೆ. ಮರ ಉಳಿಸುವುದಾದರೆ ಬೇಲಿ ಹಾಕಲೇಬೇಕು, ಇಲ್ಲವಾದರೆ ಕಡಿಯುವುದೇ ವಾಸಿ ಎಂಬುದು ಎಂಜಿನಿಯರರ ವಾದ. "ಹೇಳಿದ್ರೆ ಜನ ಕೇಳಲ್ಲ ಸಾರ್. ಬೋರ್ಡಿಗೂ ಕೇಳಲ್ಲ, ಹಗ್ಗಕ್ಕೂ ಕೇಳಲ್ಲ," ಎನ್ನುತ್ತ ಬರುತ್ತಿದ್ದಾರೆ. ದೀಪದ ಕಂಬ ದಾಟುತ್ತಾರೆ. ನಾನು ಎರಡನೇ ಸಲ ದಾರಿ ತಪ್ಪಿದ್ದು ಅಲ್ಲಿಂದ ಸ್ವಲ್ಪ ಮುಂದೆಯೇ. ಅಕ್ಕನ ಕಡೆ ನೋಡುತ್ತೇನೆ. ಅವರು ಬಂಗಲೆಯ ಕೆಳಗಿನ ಮೆಟ್ಟಿಲ ಮೇಲೆ ನಿಂತು, ಆಗಲೇ ಗುಡಿಸಿದ ಮೆಟ್ಟಿಲನ್ನು ಮತ್ತೆ ಗುಡಿಸುತ್ತಿದ್ದಾರೆ. ತಲೆ ಎತ್ತುವುದಿಲ್ಲ.

ಐವರೂ ಬಾಗುತ್ತಾರೆ. ಮಾತು ಒಂದು ಕ್ಷಣವೂ ನಿಲ್ಲದೆ, ಮರವನ್ನು ಬಳಸಿ, ಮೆಟ್ಟಿಲ ಬಳಿಗೆ ಬಂದು ಮುಟ್ಟುತ್ತಾರೆ. ಮರದ ಹತ್ತಿರ ಹೋಗಬೇಕಾದವರು ಮೆಟ್ಟಿಲಿಗೆ ಬಂದು ನಿಂತಿದ್ದಾರೆ.

ಮೇಲ್ವಿಚಾರಕಿ ನಮಸ್ಕಾರ ಹೇಳಿ, ಎಲ್ಲರನ್ನೂ ಮರದ ಕಡೆ ಕರೆದೊಯ್ಯುತ್ತಾರೆ. ಮರದ ಡಾಕ್ಟರು ಎಲೆಗಳನ್ನು ಕೈಯಿಂದ ಸರಿಸಿ, ಕೆಳಗಿನ ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ಮೂಸಿ ನೋಡುತ್ತಾರೆ. ಸಣ್ಣ ಮರದ ಸುತ್ತಿಗೆಯಿಂದ ಕಾಂಡದ ಸುತ್ತ ಬಡಿದು ಕಿವಿಗೊಡುತ್ತಾರೆ. ಆಮೇಲೆ ಚೀಲದಿಂದ ಕಬ್ಬಿಣದ ಸರಳು ಹೊರಗೆ ಬರುತ್ತದೆ. ಮೆಟ್ಟಿಲ ಮೇಲಿನ ಪೊರಕೆಯ ಸದ್ದು ನಿಲ್ಲುತ್ತದೆ.

ಡಾಕ್ಟರು ಸರಳನ್ನು ನೆಲಕ್ಕೆ ಇಟ್ಟು ಎರಡೂ ಕೈಯಿಂದ ಒತ್ತುತ್ತಾರೆ. ಸರಳು ಇಳಿಯುತ್ತದೆ. ಅವರು ಮುಗ್ಗರಿಸುವಷ್ಟು ಸುಲಭವಾಗಿ, ಮೊಣಕೈ ಉದ್ದ ಇಳಿಯುತ್ತದೆ. ಇನ್ನೊಂದು ಕಡೆ ಊರುತ್ತಾರೆ, ಅಲ್ಲಿಯೂ ಹಾಗೇ. ನಂತರ ಕತ್ತೆತ್ತಿ ಒಣಗಿದ ಕಡೆಯ ಕೊಂಬೆಗಳನ್ನು ಬಹಳ ಹೊತ್ತು ನೋಡುತ್ತಾರೆ.

"ಆ ದೊಡ್ಡ ಕೊಂಬೆ ಸತ್ತುಹೋಗಿದೆ, ಅದನ್ನ ತೆಗೀಲೇಬೇಕು," ಎನ್ನುತ್ತಾರೆ ಕೊನೆಗೆ. "ಅದ್ರ ಪಕ್ಕದ್ದು ಚಿಗುರಿದೆ ನೋಡಿ. ಹೋದ ವರ್ಷ ಅಲ್ಲಿ ಏನೂ ಇರ್ಲಿಲ್ಲ. ಮರ ಉಳಿಯುತ್ತೆ. ಆದ್ರೆ ಜನಾನ ದೂರ ಇಡ್ಬೇಕು."

"ಅದಕ್ಕೇ ನಾನು ಬೇಲಿ ಅಂದಿದ್ದು," ಎಂದು ಎಂಜಿನಿಯರು ನಕ್ಷೆ ಬಿಚ್ಚುತ್ತಾರೆ.

"ಬೇಲಿ ಇದೆ ಸಾರ್," ಎನ್ನುತ್ತಾರೆ ಮೇಲ್ವಿಚಾರಕಿ. "ಈಗ ನೀವು ಗೇಟಿಂದ ಹೇಗೆ ಬಂದ್ರಿ?"

ಐವರೂ ತಿರುಗಿ ನೋಡುತ್ತಾರೆ. ದಿನದ ಮೊದಲ ಟಿಕೆಟ್ಟಿನ ಜನ ಆಗತಾನೆ ಒಳಗೆ ಬರುತ್ತಿದ್ದಾರೆ. ಕೈಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಿ, ಕೈಕೈ ಹಿಡಿದ ಹೊಸ ಜೋಡಿ, ಊರುಗೋಲಿನ ಒಬ್ಬ ಮುದುಕ. ಒಬ್ಬರ ಹಿಂದೆ ಒಬ್ಬರು ದೀಪದ ಕಂಬದ ಹತ್ತಿರ ಬಾಗುತ್ತಾರೆ. ಅಧ್ಯಕ್ಷರು ತಮ್ಮ ಮಿಂಚುವ ಬೂಟನ್ನೊಮ್ಮೆ, ದಾರಿಯನ್ನೊಮ್ಮೆ ನೋಡಿಕೊಂಡು ಜೋರಾಗಿ ನಗುತ್ತಾರೆ. ಎಂಜಿನಿಯರು ಒಳ್ಳೆಯ ಮನುಷ್ಯ, ಅವರೂ ನಕ್ಕು ನಕ್ಷೆಯನ್ನು ಸುರುಳಿ ಸುತ್ತುತ್ತಾರೆ. ಯಾರು ಮಾಡಿದ್ದು ಎಂದು ಕೇಳುತ್ತಾರೆ. ಮೇಲ್ವಿಚಾರಕಿ ಮೆಟ್ಟಿಲ ಕಡೆ ಕೈ ತೋರುತ್ತಾರೆ. ಅಲ್ಲಿ ಪೊರಕೆ ಕಂಬಕ್ಕೆ ಒರಗಿದೆ, ಅಕ್ಕ ಇಲ್ಲ.

ಅವರು ಕಾಫಿ ಅಂಗಡಿಯ ಹಿಂದೆ ನಲ್ಲಿಯ ಹತ್ತಿರ ಸಿಗುತ್ತಾರೆ. ಮುಖ ತೊಳೆದುಕೊಳ್ಳುತ್ತಿದ್ದಾರೆ, ತೊಳೆದಷ್ಟೂ ಕಣ್ಣು ಮತ್ತೆ ತುಂಬುತ್ತದೆ. "ಉಳಿಯುತ್ತೆ ಅಂತ ನಂಗೆ ಗೊತ್ತೇ ಇತ್ತು," ಎನ್ನುತ್ತಾರೆ. "ಆದ್ರೂ ಆ ಸರಳು ಇಳಿದಾಗ ಅಲ್ಲಿ ನಿಲ್ಲೋಕಾಗ್ಲಿಲ್ಲ, ಪೊರಕೆ ಬಿಟ್ಟು ಬಂದ್ಬಿಟ್ಟೆ."

ಸಂಜೆ ಅವರ ಜೊತೆ ಮನೆಗೆ ಹೋಗುತ್ತೇನೆ. ಬಸ್ ಡಿಪೋ ಹಿಂದಿನ ಎರಡು ಕೋಣೆಯ ಮನೆ. ಅಕ್ಕನ ಅತ್ತೆ, ತಲೆ ನರೆತ ಅಜ್ಜಿ, ಬಾಗಿಲ ಹತ್ತಿರದ ಮಣೆಯ ಮೇಲೆ ಕೂತು ಪೊರಕೆ ಕಟ್ಟುತ್ತಿದ್ದಾರೆ. ಅಂಗಡಿಯ ಪೊರಕೆ ಅವರಿಗೆ ಹಿಡಿಸುವುದಿಲ್ಲ, ಸೊಸೆಯ ಪೊರಕೆಗಳನ್ನೆಲ್ಲ ಇಂದಿಗೂ ಅವರೇ ಕಟ್ಟಿಕೊಡುತ್ತಾರೆ. ನಾವು ಒಳಗೆ ಕಾಲಿಡುವ ಮೊದಲೇ ಪ್ರಶ್ನೆ ಬರುತ್ತದೆ.

"ಮರ ಹೇಗಿದೆ?"

"ಉಳೀತು ಅತ್ತೆ. ಕಡಿಯಲ್ವಂತೆ."

ಅಜ್ಜಿಯ ಕೈ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ದಾರ ಬಿಗಿದು ಗಂಟು ಹಾಕುತ್ತಾರೆ. "ಕೆಳಗೆ ಗುಡಿಸಿದ್ಯಾ?"

"ಹೂಂ ಅತ್ತೆ," ಎಂದು ಅಕ್ಕ ನನ್ನ ಮುಖ ನೋಡದೆ ಚಹಾ ಇಡಲು ಒಳಗೆ ಹೋಗುತ್ತಾರೆ.

ಪಾತ್ರೆಯ ಸದ್ದು ಕೇಳಿಸಿದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆಯುತ್ತಾರೆ. "ಸುಳ್ಳು ಹೇಳೋಕೆ ಬರಲ್ಲ ಇವ್ಳಿಗೆ," ಎಂದು ದನಿ ತಗ್ಗಿಸುತ್ತಾರೆ. "ಗುಡಿಸಿ ಬಂದೋರ ಮೈಮೇಲೆ ಧೂಳಿರುತ್ತೆ. ಇವ್ಳು ವರ್ಷದಿಂದ ತಲೆಕೂದಲಲ್ಲಿ ಎಲೆ ಚೂರು ಇಟ್ಕೊಂಡು ಬರ್ತಾಳೆ. ಎಲೆ ಚೂರು ಇರೋದು ಎಲೆ ಹರಡಿದೋರ ತಲೇಲಿ. ನಾನೂ ಮೊದ್ಲು ಸೋಮಾರಿ ಆದ್ಲೇನೋ ಅನ್ಕೊಂಡೆ. ಆಮೇಲೆ ಕೂತು ಯೋಚ್ನೆ ಮಾಡಿದೆ. ಕಾಯಿಲೆ ಮರಕ್ಕೆ ಎಲೆ ಯಾಕೆ ಹೊದಿಸ್ತಾರೆ? ಅದ್ರ ಎಲೆ ಅದಕ್ಕೆ ಬೇಕಿತ್ತು ಅಂತ ತಾನೆ. ಅದನ್ನ ತೆಗೆದೋಳು ಯಾರು?"

ಅಜ್ಜಿ ಪೊರಕೆಯನ್ನು ಮತ್ತೆ ಮಡಿಲಿಗೆ ಎಳೆದುಕೊಳ್ಳುತ್ತಾರೆ.

"ಒಂದಿನ ತುಂಬ ಸಂಕಟ ಆಯ್ತು. ಊಟ ಸೇರ್ಲಿಲ್ಲ. ಆಮೇಲೆ ಅನ್ಕೊಂಡೆ, ಆಗ ಗುಡಿಸು ಅಂದ್ರು, ಚೆನ್ನಾಗಿ ಗುಡಿಸ್ದೆ. ಈಗ ಬೇಡ ಅಂದಿದಾರೆ, ಇವ್ಳು ಅದನ್ನೂ ಚೆನ್ನಾಗೇ ಮಾಡ್ತಿದಾಳೆ." ಕಡ್ಡಿಗಳ ತುದಿಯನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತಾರೆ. "ದಿನಾ ಕೇಳ್ತೀನಲ್ಲ, ಯಾಕೆ ಗೊತ್ತಾ? ಯಾವತ್ತಾದ್ರೂ ಬಾಯ್ಬಿಟ್ಟು ಹೇಳಿ ಹಗುರ ಆಗ್ಲಿ ಅಂತ. ಹೇಳಲ್ಲ. ನನ್ನ ಮನಸ್ಸು ನೋಯಬಾರ್ದು ಅಂತ."

ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇನೆ. ಸೊಸೆ ಓದಿ ಹೇಳುವವರು, ಅವರಿಗೆ ತಿಳಿದುಬಿಡುತ್ತದೆ.

"ತಿಳೀಲಿ. ಆ ಜಾಗ ಬಂದಾಗ ಹಾರಿಸಿ ಓದ್ತಾಳೆ. ನಾನೂ ಕೇಳದೋಳ ಹಾಗೆ ಇರ್ತೀನಿ. ಇನ್ಮೇಲೆ ಗುಡಿಸಿದ್ಯಾ ಅಂತಾನೂ ಕೇಳಲ್ಲ." ಅಜ್ಜಿ ಮುಗಿದ ಪೊರಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. "ಒಂದು ಮಾತು ಮಾತ್ರ ಹಾಕಿ. ಅದನ್ನೂ ನಾಚ್ಕೊಂಡು ಹಾರಿಸ್ಬಿಡ್ತಾಳೆ ಇವ್ಳು. ಅದಕ್ಕೇ ಕಟ್ಟಕಡೆಗೆ ಹಾಕಿ, ಆಮೇಲೆ ಓದೋಕೆ ಬೇರೇನೂ ಇರ್ಬಾರ್ದು."

ಅಕ್ಕ ಚಹಾ ತಂದು ಕೊಡುತ್ತಾರೆ. ಕಿವಿಯ ಮೇಲಿನ ಕೂದಲಲ್ಲಿ ಒಂದು ಒಣ ಎಲೆಯ ಚೂರು ಸಿಕ್ಕಿಕೊಂಡಿದೆ. ಅಜ್ಜಿ ಅದನ್ನು ನೋಡುತ್ತಾರೆ, ತೆಗೆಯುವುದಿಲ್ಲ. ಹೊಸ ಪೊರಕೆಯನ್ನು ಸೊಸೆಯ ಕೈಗೆ ಕೊಡುತ್ತಾರೆ. ಅವರು ಕೇಳಿಕೊಂಡಂತೆ ಆ ಮಾತನ್ನು ಇಲ್ಲಿ, ಕಟ್ಟಕಡೆಗೆ ಹಾಕಿದ್ದೇನೆ.

"ನನ್ನ ಸೊಸೆ ನನಗಿಂತ ಚೆನ್ನಾಗಿ ಗುಡಿಸ್ತಾಳೆ."